ಬಟ್ಟಲಿನಲ್ಲಿ ಹುಟ್ಟಿದ ಕಪ್ಪು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳೆಯ ಮನೆಗಳ ಚಾವಡಿಯಲ್ಲಿ ಕುಳಿತು ಗೋಡೆಯ ಕಡೆಗೆ ಕಣ್ಣು ಹಾಯಿಸಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಒಂದೇ ಕಾಲದ ಎರಡು ಭಾವಚಿತ್ರಗಳಲ್ಲಿ ಒಂದರ ಅಜ್ಜನ ಕೋಟು ಇಂದಿಗೂ ಕಾಡಿಗೆಯಂತೆ ಕಪ್ಪು. ಇನ್ನೊಂದರಲ್ಲಿ ಅಜ್ಜಿಯ ಸೀರೆಯೂ ಮುಖವೂ ಬೂದಿ. ನಾವು ಕ್ಯಾಮರಾವನ್ನೋ ಮಳೆಗಾಲವನ್ನೋ ದೂರುತ್ತೇವೆ. ಮಳೆಗಾಲದ ಪಾಲೂ ಇದೆ, ಸರಿಯಾಗಿ ತೊಳೆಯದ ಅವಸರದ ಪಾಲೂ ಇದೆ. ಆದರೆ ಹುಟ್ಟುವಾಗಲೇ ಬೂದಿಯಾಗಿದ್ದ ಚಿತ್ರದ ಕಥೆ ಬೇರೆ. ಅದು ಕತ್ತಲೆಕೋಣೆಯ ಬಟ್ಟಲಿನಲ್ಲಿದ್ದ ಡೆವಲಪರ್ ದ್ರಾವಣದ ಕಥೆ.

ಬೆಳಕು ಬಿದ್ದ ಬ್ರೋಮೈಡ್ ಕಾಗದದಲ್ಲಿ ಅಡಗಿರುವ ಚಿತ್ರವನ್ನು ಕಪ್ಪು ಬೆಳ್ಳಿಯಾಗಿ ಹೊರತರುವುದು ಈ ದ್ರಾವಣ. 1880ರಲ್ಲಿ ಇಂಗ್ಲೆಂಡಿನ ಆಬ್ನಿ ಹೈಡ್ರೋಕ್ವಿನೋನಿನ ಗುಣವನ್ನು ಕಂಡುಕೊಂಡನು. 1891ರಲ್ಲಿ ಜರ್ಮನಿಯಿಂದ ಮೆಟಾಲ್ ಬಂದಿತು. ಮೆಟಾಲ್ ಚಿತ್ರವನ್ನು ಬೇಗ ತೋರಿಸುತ್ತದೆ, ಆದರೆ ಮೆತ್ತಗೆ. ಹೈಡ್ರೋಕ್ವಿನೋನ್ ತಡಮಾಡುತ್ತದೆ, ಆದರೆ ಗಾಢವಾದ ಕಪ್ಪನ್ನು ಕೊಡುತ್ತದೆ. ಕೂಡಿದರೆ ಒಂದಕ್ಕೊಂದು ಬಲ. ಕೊಡಾಕ್ ಕಂಪನಿಯ ಡಿ-72 ಈ ಜೋಡಿಯ ಪ್ರಸಿದ್ಧ ಸೂತ್ರ: ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 67.5, ಪೊಟ್ಯಾಸಿಯಂ ಬ್ರೋಮೈಡ್ 2. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು.

ಸೂತ್ರವೆಲ್ಲ ಚಳಿನಾಡಿನದು. ಪುಸ್ತಕ ಹೇಳುವ ಉಷ್ಣತೆ 68 ಡಿಗ್ರಿ ಫ್ಯಾರನ್‌ಹೀಟ್. ಘಟ್ಟದ ಬುಡದ ನಮ್ಮ ಊರುಗಳಲ್ಲಿ ಎಪ್ರಿಲ್ ತಿಂಗಳಲ್ಲಿ ಅಷ್ಟು ತಂಪಾದ ನೀರನ್ನು ಎಲ್ಲಿಂದ ತರುವುದು? ಸೆಕೆ ಏರಿದರೆ ಕಾಗದದ ಜೆಲಟಿನ್ ಉಬ್ಬುತ್ತದೆ, ಬಿಳಿಯ ಭಾಗಕ್ಕೂ ಮಸುಕು ಹಿಡಿಯುತ್ತದೆ. ಉಬ್ಬನ್ನು ತಡೆಯಲು ಉಷ್ಣದೇಶದ ಸೂತ್ರಗಳಲ್ಲಿ ಸೋಡಿಯಂ ಸಲ್ಫೇಟ್ ಸೇರಿಸುವುದುಂಟು. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ! ಒಂದು ದೀರ್ಘದ ವ್ಯತ್ಯಾಸದಲ್ಲಿ ಬಟ್ಟಲಿಡೀ ಕೆಟ್ಟುಹೋದೀತು.

1990ರ ದಶಕದಲ್ಲಿ ನಾನು ಹೈಸ್ಕೂಲಿನ ಹುಡುಗ. ಪರೀಕ್ಷೆಯ ಪ್ರವೇಶಪತ್ರಕ್ಕೆಂದು ಬಿ.ಸಿ. ರೋಡಿನ ಒಂದು ಸ್ಟುಡಿಯೋಗೆ ಹೋದಾಗ ಅಲ್ಲಿಯ ಹಿರಿಯರು ನನ್ನನ್ನು ಕೆಂಪು ದೀಪದ ಒಳಕೋಣೆಗೆ ಕರೆದೊಯ್ದರು. ಕಂದುಬಣ್ಣದ ಬಾಟಲಿಯೊಳಗೆ ಗಾಜಿನ ಗೋಲಿಗಳಿದ್ದವು. ದ್ರಾವಣ ಅರ್ಧವಾದರೆ ಗೋಲಿ ಹಾಕಿ ಮಟ್ಟವನ್ನು ಬಾಯಿಯವರೆಗೆ ಏರಿಸುವುದು, ಏಕೆಂದರೆ ಗಾಳಿ ಸೋಕಿದ ಡೆವಲಪರ್ ಚಹಾದ ಬಣ್ಣಕ್ಕೆ ತಿರುಗಿ ಸಾಯುತ್ತದೆ. ಬಟ್ಟಲನ್ನು ತಣ್ಣೀರಿನ ದೊಡ್ಡ ತಟ್ಟೆಯಲ್ಲಿ ಇರಿಸಿದ್ದರು. ಸೆಕೆಯ ದಿನಗಳಲ್ಲಿ ಕೆಲಸವೆಲ್ಲ ಬೆಳಗಿನ ಜಾವ. ನನ್ನ ಮುಖ ಮೂಡಿತೆಂದು ನಾನು ಕುಣಿದಾಗ ಅವರು ಕಾಗದವನ್ನು ತೆಗೆಯಲಿಲ್ಲ. ಕೆಂಪು ಬೆಳಕಿನಲ್ಲಿ ಚಿತ್ರ ಇದ್ದುದಕ್ಕಿಂತ ಕಪ್ಪಾಗಿ ಕಾಣುವುದು. ನಂಬಿ ಬೇಗ ತೆಗೆದವನ ಕೈಗೆ ಬೂದಿಯೇ ಗತಿ. ಒಂದೂವರೆ ನಿಮಿಷ ಎಣಿಸುತ್ತ ನಿಂತರು.

ಮತ್ತೊಂದು ಶತ್ರು ಮಿತವ್ಯಯ. ಪ್ರತಿಯೊಂದು ಪ್ರತಿಯೂ ದ್ರಾವಣಕ್ಕೆ ಒಂದಿಷ್ಟು ಬ್ರೋಮೈಡನ್ನು ಬಿಟ್ಟುಹೋಗುತ್ತದೆ. ಅದು ಕೂಡುತ್ತ ಹೋದಂತೆ ಡೆವಲಪರ್ ಜಡವಾಗುತ್ತದೆ. ಮದುವೆಯ ಕಾಲದಲ್ಲಿ ನಿನ್ನೆಯ ಬಟ್ಟಲನ್ನೇ ಇಂದಿಗೂ ಎಳೆಯುವ ಆಸೆ ಯಾರಿಗಿಲ್ಲ? ವಿದೇಶದ ಸಾಮಗ್ರಿ ದುಬಾರಿಯಾಗಿದ್ದ ದಿನಗಳಲ್ಲಿ ಅದು ಆಸೆಯಲ್ಲ, ಅನಿವಾರ್ಯ ಎನ್ನಬೇಕು. 1960ರಲ್ಲಿ ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಗಿ, 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಹೆಸರಿನ ಸ್ವದೇಶಿ ಸರಕು ಬಂದಿತು. ಈಗ ಆ ಕಾರ್ಖಾನೆಯೂ ಇಲ್ಲ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರ ಬಾಹುಬಲಿಗೆ 1956ರಲ್ಲಿ ಮಹಾಮಸ್ತಕಾಭಿಷೇಕವಾಯಿತು, ಅನಂತರದ್ದು 2000ದಲ್ಲಿ. ನಡುವೆ 44 ವರ್ಷ. 1956ರ ಜನರ ಮುಖಗಳು ಯಾವುದಾದರೂ ಮನೆಯ ಗೋಡೆಯಲ್ಲಿ ಉಳಿದಿದ್ದರೆ ಅವಕ್ಕೆ ಎರಡನೆಯ ಪ್ರತಿ ದೊರೆಯುವುದು ಕಷ್ಟ. ಸ್ಟುಡಿಯೋಗಳು ಡಿಜಿಟಲ್ ಆದಾಗ ನೆಗೆಟಿವುಗಳೆಷ್ಟೋ ಗುಜರಿಗೆ ಹೋದವು. ಈಗ ಮಕ್ಕಳು ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿಸಿ ಕಪ್ಪನ್ನು ಹೆಚ್ಚಿಸುತ್ತಾರೆ. ಅಜ್ಜಿಯ ಸೀರೆ ಕಪ್ಪಾಗುತ್ತದೆ. ಬಟ್ಟಲಿನಲ್ಲಿ ಮೂಡದೆ ಹೋದ ಅಂಚಿನ ಕಸೂತಿ ಮಾತ್ರ ಬರುವುದಿಲ್ಲ.

ಆ ಹಿರಿಯರ ಬೆರಳ ತುದಿಗಳು ಒಡೆದು ಬಿರುಕುಬಿಟ್ಟಿದ್ದವು. ಮೆಟಾಲ್ ಕೆಲವರ ಚರ್ಮಕ್ಕೆ ಆಗದು ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಂದು ಅವರು ಅದೇ ಬೆರಳುಗಳಿಂದ ನನ್ನ ಚಿತ್ರವನ್ನು ನೀರಿನಿಂದೆತ್ತಿ ಹಗ್ಗಕ್ಕೆ ಸಿಕ್ಕಿಸಿ, ಮುಂದಿನ ಗಿರಾಕಿಯನ್ನು ಕರೆದರು.