ಗರ್ಭಿಣಿಯ ತೂಕಕ್ಕೆ ಕಟ್ಟಿದ ಮಿತಿಗಳು

ಗರ್ಭಿಣಿಯ ತೂಕಕ್ಕೆ ಮಿತಿ ಹಾಕುವ ವೈದ್ಯ ಪದ್ಧತಿಯ ಒಂದು ಮುಖ್ಯ ಬೇರು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕಷ್ಟದ ಹೆರಿಗೆಗಳಲ್ಲಿದೆ. ಡಿ ಜೀವಸತ್ವದ ಕೊರತೆಯಿಂದ ಎಳೆಯ ಮೂಳೆಗಳು ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗಕ್ಕೆ ಬಾಲ್ಯದಲ್ಲಿ ತುತ್ತಾದ ಹೆಂಗಸರ ಸೊಂಟದ ಎಲುಬುಗೂಡು ಇಕ್ಕಟ್ಟಾಗಿ, ಕೂಸು ಹೊರಬರುವುದೇ ದುಸ್ತರವಾಗುತ್ತಿತ್ತು. ಸಿಸೇರಿಯನ್ ಶಸ್ತ್ರಚಿಕಿತ್ಸೆಯಾದರೋ ಆಗ ತಾಯಿಯ ಜೀವಕ್ಕೇ ಅಪಾಯಕಾರಿಯಾಗಿತ್ತು. ಹೀಗಾಗಿ ಜರ್ಮನ್ ವೈದ್ಯ ಲುಡ್ವಿಗ್ ಪ್ರೊಚೊವ್ನಿಕ್ 1889ರಲ್ಲಿ, ದಿನ ತುಂಬುತ್ತಿರುವ ಗರ್ಭಿಣಿಗೆ ಪಿಷ್ಟ, ಸಕ್ಕರೆ ಮತ್ತು ದ್ರವಪದಾರ್ಥಗಳನ್ನು ಕಡಿತಗೊಳಿಸುವ ಪಥ್ಯವನ್ನು ಸೂಚಿಸಿದನು. ಕೂಸು ಸಣ್ಣದಾದರೆ ಹೆರಿಗೆ ಹಗುರಾಗುವುದೆಂಬುದು ಅವನ ತರ್ಕವಾಗಿತ್ತು.

ಮುಂದೆ ಅಮೆರಿಕದ ಪ್ರಸೂತಿ ತಜ್ಞರು ಇದೇ ಬಗೆಯ ನಿರ್ಬಂಧವನ್ನು ಬೇರೊಂದು ಕಾರಣಕ್ಕೆ ಮುಂದುವರಿಸಿದರು. ರಕ್ತದೊತ್ತಡ ಏರಿ, ಮೈ ಬಾತು, ಮೂತ್ರದಲ್ಲಿ ಪ್ರೋಟೀನ್ ಹೋಗುವ, ಆಗ ಟಾಕ್ಸೀಮಿಯಾ ಎಂದು ಕರೆಯಲಾಗುತ್ತಿದ್ದ ಕಾಯಿಲೆಯನ್ನು ತಡೆಯಲೆಂದು, ಒಂಬತ್ತು ತಿಂಗಳ ಒಟ್ಟು ಏರಿಕೆ 15ರಿಂದ 20 ಪೌಂಡು, ಅಂದರೆ ಸುಮಾರು 7ರಿಂದ 9 ಕೆ.ಜಿ. ಮೀರಬಾರದೆಂದು ವಿಧಿಸಲಾಗುತ್ತಿತ್ತು, ಆದರೆ ಬಾವಿನಲ್ಲಿ ನಿಂತ ನೀರನ್ನೂ ಊಟದಿಂದ ಬಂದ ಕೊಬ್ಬನ್ನೂ ತಕ್ಕಡಿ ಬೇರ್ಪಡಿಸಿ ತೋರಿಸುತ್ತಿರಲಿಲ್ಲ.

ಈ ಕಟ್ಟುಪಾಡು ಕಡಿಮೆ ತೂಕದ ಶಿಶುಗಳಿಗೆ ದಾರಿಯಾಗುತ್ತದೆಂಬ ಅರಿವು ಮೂಡಿದಂತೆ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು 1970ರಲ್ಲಿ ಮಿತಿಯನ್ನು 20ರಿಂದ 25 ಪೌಂಡಿಗೆ ಏರಿಸಿತು. 1990ರ ಶಿಫಾರಸುಗಳು ಎಲ್ಲರಿಗೂ ಒಂದೇ ಅಳತೆಯೆಂಬುದನ್ನು ಕೈಬಿಟ್ಟು, ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕವನ್ನು ಆಧಾರವಾಗಿಸಿಕೊಂಡವು. ಗರ್ಭಪೂರ್ವ ಸ್ಥೂಲಕಾಯವು ಮಧುಮೇಹ, ಅಧಿಕ ರಕ್ತದೊತ್ತಡ ಮತ್ತು ಸಿಸೇರಿಯನ್ ಹೆರಿಗೆಯ ಸಂಭವವನ್ನು ಹೆಚ್ಚಿಸುವುದರಿಂದ, 2009ರ ಪರಿಷ್ಕರಣೆಯು ಸೂಚ್ಯಂಕ 30 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ 5ರಿಂದ 9 ಕೆ.ಜಿ.ಯನ್ನೂ, ತೀರ ಕೃಶರಾದವರಿಗೆ 12.5ರಿಂದ 18 ಕೆ.ಜಿ.ಯನ್ನೂ ನಿಗದಿಪಡಿಸಿತು.