ಮುಕ್ಕಾಲು ಪಾಲಿನ ಬೆಳಕು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಲೇಖನವೊಂದನ್ನು ತಂದುಕೊಟ್ಟಳು. ಮೊಬೈಲ್ ಫೋನಿನ ಪರದೆಯಲ್ಲಿ ಬೆಳಗುವ ಓಎಲ್‌ಇಡಿ ಎಂಬ ಸಾವಯವ ದೀಪದ ವಿಷಯ ಅದು. ‘ಡೋಪೆಂಟ್’ ಎಂಬ ಮಾತಿಗೆ ಆಕೆ ‘ಕಲಬೆರಕೆ’ ಎಂದು ಬರೆದಿದ್ದಳು. ಕನ್ನಡ ಮೇಷ್ಟರ ಅಭ್ಯಾಸಬಲದಿಂದ ನಾನು ಅದರ ಕೆಳಗೆ ಕೆಂಪು ಗೆರೆ ಎಳೆದೆ. ಹಾಲಿಗೆ ನೀರು ಬೆರೆಸುವುದು ಕಲಬೆರಕೆ. ಬೆಳಕಿಗೆ ಎಲ್ಲಿಯ ಕಲಬೆರಕೆ? “ಹಾಗಾದರೆ ಬೇರೆ ಪದ ನೀವೇ ಹೇಳಿ, ಸಾರ್” ಎಂದಳು. ನನಗೆ ತೋಚಲಿಲ್ಲ. ಪದಕ್ಕಾಗಿ ಆ ದೀಪದ ಚರಿತ್ರೆಯನ್ನೇ ಓದಬೇಕಾಗಿ ಬಂತು.

ಇಂಗಾಲದ ಸಂಯುಕ್ತಗಳಿಗೆ ವಿದ್ಯುತ್ತನ್ನು ಹಾಯಿಸಿ ಬೆಳಕು ಪಡೆಯುವ ಯತ್ನ ಇಂದು ನಿನ್ನೆಯದಲ್ಲ. ಫ್ರಾನ್ಸಿನ ನಾನ್ಸಿ ಪಟ್ಟಣದಲ್ಲಿ ಆಂದ್ರೆ ಬರ್ನಾನೋಸ್ 1950ರ ದಶಕದಲ್ಲಿಯೇ ಅದನ್ನು ಕಂಡಿದ್ದ. 1963ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂತ್ರಸೀನ್ ಹರಳನ್ನು ಬೆಳಗಿಸಿದರು. ಆದರೆ ಅದಕ್ಕೆ ಸುಮಾರು 400 ವೋಲ್ಟ್ ಬೇಕಾಯಿತು. ರಾಚೆಸ್ಟರಿನ ಕೊಡಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಎರಡು ಅತಿ ತೆಳು ಪದರಗಳನ್ನು ಜೋಡಿಸಿ, 10 ವೋಲ್ಟಿಗೂ ಕಡಿಮೆಯಲ್ಲಿ ಹಸಿರು ಬೆಳಕನ್ನು ಪಡೆದರು. ಆದರೂ ನೂರು ಇಲೆಕ್ಟ್ರಾನು ಹರಿದರೆ ಹೊರಬಂದದ್ದು ಬೆಳಕಿನ ಒಂದು ಕಣ.

1989ರಲ್ಲಿ ಅವರೇ ಆ ಪದರಕ್ಕೆ ಹೊಳೆಯುವ ಬಣ್ಣದ ವಸ್ತುವನ್ನು ತುಸು ಬೆರೆಸಿ ನೋಡಿದರು. ಫಲ ಇಮ್ಮಡಿಗೂ ಮಿಕ್ಕಿತು. ಪದರದ ಮುಖ್ಯ ವಸ್ತು ಆತಿಥೇಯ, ಬೆರೆತದ್ದು ಅತಿಥಿ. ಆತಿಥೇಯನು ತನ್ನ ಶಕ್ತಿಯನ್ನು ಅತಿಥಿಗೆ ಒಪ್ಪಿಸುತ್ತಾನೆ, ಅತಿಥಿ ಬೆಳಗುತ್ತಾನೆ. ಅತಿಥಿಗಳು ಹೆಚ್ಚಾಗಿ ಒತ್ತೊತ್ತಾಗಿ ಕುಳಿತರೆ ಒಬ್ಬರ ಬೆಳಕನ್ನು ಒಬ್ಬರು ನಂದಿಸುತ್ತಾರೆ.

ಇಷ್ಟಾದರೂ ಮುಕ್ಕಾಲು ಪಾಲು ನಷ್ಟದ ಬಾಬ್ತಿಗೇ ಸೇರುತ್ತಿತ್ತು. ಇಲೆಕ್ಟ್ರಾನುಗಳಿಗೆ ‘ಸ್ಪಿನ್’ ಎಂಬ ಗುಣವುಂಟು. ಧನ ಋಣ ಆವೇಶಗಳು ಅಣುವಿನಲ್ಲಿ ಕೂಡಿದಾಗ ಸ್ಪಿನ್ನುಗಳು ನಾಲ್ಕು ವಿಧದಲ್ಲಿ ಹೊಂದಬಹುದು. ಅವುಗಳಲ್ಲಿ ಒಂದೇ ವಿಧ ಬೆಳಕು ಬೀರಿ ಶಾಂತವಾಗುತ್ತದೆ; ಉಳಿದ ಮೂರಕ್ಕೆ ಆ ದಾರಿ ‘ನಿಷಿದ್ಧ’. ಅವುಗಳ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಈ ‘ನಿಷಿದ್ಧ’ ಎಂಬ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಯಾವ ಶಾಸ್ತ್ರದಲ್ಲಿಯೇ ಆಗಲಿ ನಿಷೇಧವೊಂದಿದ್ದರೆ ಅದಕ್ಕೆ ಅಪವಾದವೂ ಇರುತ್ತದೆ ಎಂಬುದನ್ನು ವ್ಯಾಕರಣ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪವಾದ ಇದ್ದದ್ದು ಭಾರವಾದ ಲೋಹಗಳಲ್ಲಿ. ಅಂಥ ಪರಮಾಣುವಿನ ಸನ್ನಿಧಿಯಲ್ಲಿ ಇಲೆಕ್ಟ್ರಾನಿನ ಸ್ಪಿನ್ನೂ ಅದರ ಕಕ್ಷೆಯ ಚಲನೆಯೂ ಬಿಗಿಯಾಗಿ ಹೆಣೆದುಕೊಂಡು ನಿಷೇಧ ಸಡಿಲವಾಗುತ್ತದೆ. 1998ರಲ್ಲಿ ಪ್ರಿನ್ಸ್‌ಟನ್ನಿನ ಮಾರ್ಕ್ ಬಾಲ್ಡೊ, ಸ್ಟೀಫನ್ ಫಾರೆಸ್ಟ್, ದಕ್ಷಿಣ ಕ್ಯಾಲಿಫೋರ್ನಿಯದ ಮಾರ್ಕ್ ಥಾಂಪ್ಸನ್ ಮೊದಲಾದವರು ಪ್ಲಾಟಿನಮ್ಮಿನ ಪಾರ್ಫಿರಿನ್ ಸಂಯುಕ್ತವನ್ನು ನೂರಕ್ಕೆ ಆರು ಪಾಲು ಬೆರೆಸಿ ಗಾಢವಾದ ಕೆಂಪು ಬೆಳಕನ್ನು ಪಡೆದರು. ನಮ್ಮ ರಕ್ತದಲ್ಲಿ ಕಬ್ಬಿಣವನ್ನು ಹೊತ್ತಿರುವ ಉಂಗುರವೂ ಪಾರ್ಫಿರಿನ್ನಿನ ಕುಲದ್ದೇ. ಆದರೆ ಈ ಪ್ಲಾಟಿನಮ್ ನಿಧಾನಿ. ವಿದ್ಯುತ್ತು ಹೆಚ್ಚಿದರೆ ಕಾಯುತ್ತಿರುವ ಅಣುಗಳ ಜಂಗುಳಿ ಬೆಳೆದು ಬೆಳಕಿನ ಪ್ರಮಾಣ ಕುಗ್ಗುತ್ತಿತ್ತು.

ಮರುವರ್ಷ, 1999ರಲ್ಲಿ, ಇರಿಡಿಯಮ್ ಬಂತು. ಇಲ್ಲಿ ಲೋಹವು ಇಂಗಾಲಕ್ಕೆ ನೇರವಾಗಿಯೇ ಕೂಡಿಕೊಂಡಿದೆ. ಸಾವಯವ ಲೋಹಸಂಯುಕ್ತವೆಂಬ ಹೆಸರು ಅದಕ್ಕೆ ಸಲ್ಲುವುದು ಅದರಿಂದಲೇ. ಅದು ಬೇಗ ಬೆಳಗಿತು, ಹಸಿರಾಗಿ ಬೆಳಗಿತು. ಹರಿದ ನೂರು ಇಲೆಕ್ಟ್ರಾನಿಗೆ ಎಂಟು ಕಣಗಳಷ್ಟು ಬೆಳಕು ಹೊರಬಂತು. 2001ರ ವೇಳೆಗೆ ಒಳಗೆ ಹುಟ್ಟುವ ಬೆಳಕಿನ ಲೆಕ್ಕ ಹೆಚ್ಚುಕಡಿಮೆ ನೂರಕ್ಕೆ ನೂರನ್ನು ಮುಟ್ಟಿತು. ಹುಟ್ಟಿದ್ದರಲ್ಲಿ ಬಹುಪಾಲು ಗಾಜು ಮತ್ತು ಪದರಗಳ ಒಳಗೇ ಸಿಕ್ಕಿಬೀಳುವುದು ಬೇರೆ ಮಾತು.

1803ರಲ್ಲಿ ಸ್ಮಿತ್‌ಸನ್ ಟೆನೆಂಟ್ ಈ ಲೋಹವನ್ನು ಕಂಡುಹಿಡಿದಾಗ, ಅದರ ಲವಣಗಳ ಬಣ್ಣಗಳಿಗೆ ಮರುಳಾಗಿ, ಗ್ರೀಕರ ಕಾಮನಬಿಲ್ಲಿನ ದೇವತೆ ಐರಿಸಳ ಹೆಸರನ್ನಿಟ್ಟಿದ್ದ. ಲೋಹದ ಸುತ್ತಲಿನ ಸಾವಯವ ಭಾಗವನ್ನು ಬದಲಿಸುತ್ತ ಹೋದರೆ ಅದು ಹಸಿರನ್ನೂ ಕೆಂಪನ್ನೂ ಕೊಟ್ಟಿತು. ನೀಲಿಯೂ ಬಂತು, ಆದರೆ ಬಾಳಲಿಲ್ಲ. ನೀಲಿಯ ಶಕ್ತಿ ದೊಡ್ಡದು. ಅದನ್ನು ಹೊತ್ತು ಕಾಯುವ ಅಣು ತಾನೇ ಮುರಿದುಬೀಳುತ್ತದೆ. ಆದಕಾರಣ ಪರದೆ ಮಾಡುವವರು ನೀಲಿಯ ಮಟ್ಟಿಗೆ ಬಹುಕಾಲ, ಭಾರಲೋಹದ ನೆರವಿಲ್ಲದ ಹಳೆಯ ಪದ್ಧತಿಗೇ ಕಟ್ಟುಬಿದ್ದರು. ನಷ್ಟದ ಖಾತೆ ಅಲ್ಲಿ ಪೂರ್ತಿ ಮುಚ್ಚಲಿಲ್ಲ.

ಇಷ್ಟು ಓದಿದ ಮೇಲೆ ವಿದ್ಯಾರ್ಥಿನಿಯನ್ನು ಕರೆಸಿ, “‘ಹದಬೆರಕೆ’ ಎಂದು ಬರಿಯಮ್ಮ. ಹದ ತಪ್ಪಿದರೆ ಮಾತ್ರ ಅದು ಕಲಬೆರಕೆ” ಎಂದೆ. ಆಕೆ ಒಂದು ಗಳಿಗೆ ಯೋಚಿಸಿ, “ನೀಲಿಗೇನು ಬರೆಯಲಿ, ಸಾರ್?” ಎಂದಳು. ಆ ಪದ ಸಂಚಿಕೆಯಲ್ಲಿ ಅಚ್ಚಾಯಿತು. ಆಕೆಯ ಪ್ರಶ್ನೆ ನನ್ನಲ್ಲಿಯೇ ಉಳಿಯಿತು. ಕೆಂಪು ಗೆರೆ ಎಳೆಯುವ ಮುನ್ನ ಈಗ ಕೈ ಕೊಂಚ ತಡೆಯುತ್ತದೆ.