ಮನೆಯ ಮಾತು, ಶಾಲೆಯ ಮಾತು

ಮಗುವಿಗೆ ಅಕ್ಷರ ಕಲಿಸುವ ಹೊಣೆ ಯಾರದು? ತಾಯಿತಂದೆಯರದೇ, ಮಠದ್ದೇ, ರಾಜ್ಯದ್ದೇ? ಬಸವಕಲ್ಯಾಣ, ಹುಮನಾಬಾದುಗಳ ಚರಿತ್ರೆಯನ್ನು ನೋಡುವಾಗ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ದೂರದ ಒಂದು ಸಮಾಜ ಇದಕ್ಕೆ ಕೊಟ್ಟ ಉತ್ತರವನ್ನು ಮೊದಲು ನೋಡೋಣ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡನ್ನು ತೊರೆದು ಅಮೆರಿಕೆಯ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ ಪ್ಯೂರಿಟನ್ನರು ಮಗುವನ್ನು ಹುಟ್ಟಿನಿಂದಲೇ ಪಾಪಿಯೆಂದು ಬಗೆದವರು, ಶಿಸ್ತಿನಲ್ಲಿ ಕಠಿಣರು. ಆದರೆ ಪ್ರತಿಯೊಬ್ಬರೂ ಬೈಬಲ್ಲನ್ನು ತಮ್ಮ ನುಡಿಯಲ್ಲಿ ತಾವೇ ಓದಬೇಕೆಂಬುದು ಅವರ ನಿಷ್ಠೆ. 1642ರ ಕಾನೂನು ಮಕ್ಕಳಿಗೆ ಓದು ಕಲಿಸುವ ಹೊಣೆಯನ್ನು ತಾಯಿತಂದೆಯರ ಮೇಲೂ ಯಜಮಾನರ ಮೇಲೂ ಹೊರಿಸಿತು. ಜನರನ್ನು ಧರ್ಮಗ್ರಂಥದಿಂದ ದೂರವಿಡುವುದು ಸೈತಾನನ ಹಂಚಿಕೆಯೆಂದು ಸಾರಿದ 1647ರ ಕಾನೂನು, 50 ಮನೆಗಳಿರುವ ಊರು ಒಬ್ಬ ಉಪಾಧ್ಯಾಯನನ್ನು ನೇಮಿಸತಕ್ಕದ್ದೆಂದು ವಿಧಿಸಿತು. ನಂಬಿಕೆಗೆ ಶಾಲೆಯ ಆಸರೆ ದೊರೆಯಿತು.

ಇದಕ್ಕೆ ಸುಮಾರು ಐದು ಶತಮಾನ ಮೊದಲೇ ನಮ್ಮ ಕಲ್ಯಾಣದ ಶರಣರು ಅನುಭಾವವನ್ನು ಕನ್ನಡದಲ್ಲಿ ನುಡಿದಿದ್ದರು. ನಾನಾ ಕಾಯಕದ ಗಂಡಸರೂ ಹೆಂಗಸರೂ ವಚನಕಾರರಾದರು. ಕೂಸಿಗೆ ಲಿಂಗಧಾರಣೆ ಮಾಡುವ ಮನೆಗಳಲ್ಲಿ ಧರ್ಮದ ಸಂಸ್ಕಾರ ತೊಟ್ಟಿಲಿನಿಂದಲೇ ಮೊದಲಾಗುತ್ತಿತ್ತು. ಆದರೆ ಆ ನುಡಿಯ ಬೆನ್ನಿಗೆ ಅಂಥ ಕಾನೂನೊಂದು ನಿಲ್ಲಲಿಲ್ಲ.

ಈ ಕೊರತೆಯ ಫಲ ನಿಜಾಮರ ಆಳ್ವಿಕೆಯಲ್ಲಿ ಎದ್ದು ಕಂಡಿತು. ಕಚೇರಿಯ ಭಾಷೆ ಉರ್ದು. ಮೇಲಿನ ವಿದ್ಯೆಯ ಭಾಷೆಯೂ ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಇಂಗ್ಲಿಷನ್ನು ಬದಿಗಿರಿಸಿ ದೇಶೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ್ದು ಸಣ್ಣ ಸಾಹಸವಲ್ಲ. ಆದರೆ ವಚನಗಳ ನೆಲದಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಅದೂ ಪರಭಾಷೆಯೇ.

ರಾಜ್ಯ ಹೊರದ ಹೊಣೆಯನ್ನು ಆಗ ಮಠ ಹೊತ್ತಿತು. ನೆರೆಯ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂದು ಈ ಸೀಮೆಯ ಜನ ಅವರನ್ನು ನೆನೆಯುತ್ತಾರೆ. ಬಸವಕಲ್ಯಾಣದಲ್ಲಿ ಅನುಭವಮಂಟಪವನ್ನು ಎಬ್ಬಿಸಲು ದುಡಿದವರೂ ಅವರೇ.

ಹಲವು ನುಡಿಗಳು ಕೂಡಿ ಬಾಳುವುದು ಈ ಸೀಮೆಗೆ ಹೊಸತಲ್ಲ. ಹುಮನಾಬಾದಿನ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ರಚಿಸಿದರು. ಎರಡನೆಯ ನುಡಿ ಮಗುವನ್ನು ಬೆಳೆಸುತ್ತದೆ. ಮೊದಲನೆಯದಕ್ಕೆ ಶಾಲೆಯ ಬಾಗಿಲು ಮುಚ್ಚಿದಾಗಲೇ ನಷ್ಟ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು; 1956ರಲ್ಲಿ ಈ ಊರುಗಳು ಕನ್ನಡನಾಡಿನಲ್ಲಿ ಒಂದಾದವು. ಅಷ್ಟರವರೆಗೆ ಕನ್ನಡದ ಓಲೆಯನ್ನು ಕಾಯ್ದಿಟ್ಟವರು ತಾಯಂದಿರು ಮತ್ತು ಮಠದ ಅಯ್ಯಗಳು. ಇಂದು ಬಾಗಿಲು ತೆರೆದಿದೆ. ಮಗುವನ್ನು ಒಳಕ್ಕೆ ಕರೆದೊಯ್ಯುವ ಹೊಣೆ ನಮ್ಮದು.